ತೊಳೆದ ನೀರಿನ ಪ್ಲೇಟು

ಆ ಮನುಷ್ಯನ ಮುಖ ಅಂದು ಹೇಗೆ ಕಪ್ಪಿಟ್ಟಿತು ಎಂಬುದನ್ನು ನೆನೆಸಿಕೊಂಡರೆ ಈಗಲೂ ನನಗೆ ಖುಷಿಯೇ ಆಗುತ್ತದೆ. ಸುಳ್ಳು ಯಾಕೆ ಹೇಳಲಿ?

ಎರಡು ಸಾವಿರದ ಇಸವಿ ಕಳೆದು ಎರಡು-ಮೂರು ವರ್ಷವಾಗಿತ್ತು. ಕುಕ್ಕುಂದೂರಿನಿಂದ ದಿನಾ ಬಸ್ಸು ಹಿಡಿದು ಮಣಿಪಾಲದ ಒಂದು ಲ್ಯಾಬಿಗೆ ಸಂಶೋಧನೆಗೆಂದು ಹೋಗುತ್ತಿದ್ದೆ. ನನ್ನ ಕೆಲಸ ಗುಗ್ಗುಳದ ಗಿಡದ್ದು. ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಮುಳ್ಳಿನ ಗಿಡ ಅದು. ಅಂಟಿಗಾಗಿ ಜನ ಕಾಂಡವನ್ನು ಕಚ್ಚು ಕಚ್ಚಾಗಿ ಕಡಿದು ಅದರ ವಂಶವನ್ನೇ ಮುಗಿಸುತ್ತಾ ಬಂದಿದ್ದರು. ನೀರಿಲ್ಲದ ಬಂಡೆಯ ಮೇಲೆ ಅದು ಹೇಗೆ ಬದುಕುತ್ತದೆ? ಕಾಂಡದ ಒಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದಕ್ಕೆ ಸಹಾಯ ಮಾಡುತ್ತವೆ ಎಂದು ನನ್ನ ನಂಬಿಕೆ. ಲ್ಯಾಬಿನ ಪಕ್ಕದ ಹೊಸ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಕೊಪ್ಪಳದ ಕಡೆಯ ಮೇಸ್ತ್ರಿಯೊಬ್ಬ, ಊರಿಗೆ ಹೋದಾಗ ತನ್ನ ಗುಡ್ಡದಿಂದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಟ್ಟಿದ್ದ.

ಒಳಗಿನ ಬ್ಯಾಕ್ಟೀರಿಯಾ ಬೇಕೆಂದರೆ ಮೊದಲು ಹೊರಗಿನದ್ದು ಸಾಯಬೇಕು. ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ, ಬ್ಲೀಚಿನಲ್ಲಿ ಅದ್ದಿ, ಮೂರು ಸಲ ನೀರಿನಲ್ಲಿ ತೊಳೆಯುತ್ತೇವೆ. ಆಮೇಲೆ ಅದನ್ನು ಕೊಯ್ದು, ಬ್ಯಾಕ್ಟೀರಿಯಾಕ್ಕೆ ಆಹಾರ ಹಾಕಿದ ಮುಚ್ಚಳದ ಪ್ಲೇಟುಗಳಲ್ಲಿ ಬೆಳೆಯಲು ಇಡುತ್ತೇವೆ. ಕೊನೆಯ ಸಲ ತೊಳೆದ ನೀರನ್ನು ಅಂಥದ್ದೇ ಬೇರೆ ಒಂದು ಪ್ಲೇಟಿಗೆ ಹಾಕಿ ಇಡುತ್ತೇವೆ. ಅದರಲ್ಲಿ ಏನಾದರೂ ಬೆಳೆಯಿತೋ, ತೊಳೆದದ್ದು ಸಾಲದು ಎಂದರ್ಥ. ಆಗ ಆ ಸೆಟ್ಟನ್ನು ಪೂರ್ತಿ ಬಿಸಾಡಬೇಕು. ಮಳೆಗಾಲದ ಮಣಿಪಾಲದಲ್ಲಿ ಬಿಸಾಡುವುದೇ ಜಾಸ್ತಿ.

ನನ್ನ ಸೀನಿಯರ್ ಒಬ್ಬನಿದ್ದ. ಕೈ ಒದ್ದೆ ಮಾಡಿಕೊಳ್ಳದ ಮಹಾಶಯ. ನಾನು ಹೆಸರುಕಾಳಿನ ಸಸಿಗಳಿಗೆ ಈ ಬ್ಯಾಕ್ಟೀರಿಯಾ ಹಾಕಿ, ನೀರು ನಿಲ್ಲಿಸಿ, ಬೇರೆಯವು ಬಾಡಿ ಬಿದ್ದಾಗ ಇವು ನಿಂತೇ ಇದ್ದದ್ದನ್ನು ತೋರಿಸಿದ್ದೆ. ಅದನ್ನು ಅವನು ಒಂದು ಸಮ್ಮೇಳನದಲ್ಲಿ ತನ್ನದೆಂದು ಓದಿ ಬಂದ. ನಾನು ಗೈಡ್ ಸರ್ ಹತ್ತಿರ ಹೋಗಿ ಅತ್ತೆ.

“ಲ್ಯಾಬಿನ ಕೆಲಸ ಲ್ಯಾಬಿನದ್ದು. ನೀನು ನಾಳೆ ಮದುವೆಯಾಗಿ ಹೋಗುವವಳು ಮಾರಾಯ್ತಿ, ನಿನಗೆ ಹೆಸರು ಎಂತಕ್ಕೆ?” ಎಂದರು ಅವರು.

ಅಂದೇ ಕಣ್ಣೀರು ಒರೆಸಿಕೊಂಡೆ. ಈ ಸೀನಿಯರ್‌ನ ನೀರಿಳಿಸದೆ ಬಿಡುವುದಿಲ್ಲ ಎಂದುಕೊಂಡೆ.

ಅವಕಾಶ ತಾನಾಗಿಯೇ ಬಂತು. ಒಂದು ಶನಿವಾರ ಬಿಸಾಡಬೇಕಾದ ಪ್ಲೇಟುಗಳನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದೆ. ಅವುಗಳಲ್ಲಿ ಗಂಜಿಯ ಕೆನೆಯ ಹಾಗೆ ದಪ್ಪ ಬೆಳೆ ಬಂದಿತ್ತು. ತೊಳೆದ ನೀರಿನ ಪ್ಲೇಟಿನಲ್ಲೂ ಅದೇ ಕೆನೆ. ಗುಗ್ಗುಳದ ನಿಜವಾದ ಬ್ಯಾಕ್ಟೀರಿಯಾ ಸೋಮಾರಿ. ಹತ್ತು ದಿನ ಕಾದರೆ ರವೆಯ ಕಾಳಿನಷ್ಟು ಕಾಣುತ್ತದೆ. ಅವು ಬೇರೆ ಕಪಾಟಿನಲ್ಲಿದ್ದವು. ಬಾಗಿಲ ಗಾಜಿನಿಂದ ನೋಡುತ್ತೇನೆ, ಈ ಮನುಷ್ಯ ಆಚೀಚೆ ನೋಡಿ ಕೆನೆಯ ಪ್ಲೇಟುಗಳನ್ನೇ ಎತ್ತಿಕೊಳ್ಳುತ್ತಿದ್ದಾನೆ! ‘ನೀರು’ ಎಂದು ಬರೆದದ್ದನ್ನು ಮಾತ್ರ ಅಲ್ಲೇ ಬಿಟ್ಟ.

ಕೂಗಬಹುದಿತ್ತು. ಕೂಗಲಿಲ್ಲ. ಒಳಗೆ ಬಂದು ಆ ನೀರಿನ ಪ್ಲೇಟಿನ ಫೋಟೋ ತೆಗೆದಿಟ್ಟೆ.

ಒಂದೂವರೆ ವರ್ಷ ಅವನು ಆ ಕೊಳೆಯನ್ನು ಸಾಕಿದ. ನಾನು ನನ್ನ ರವೆಯ ಕಾಳನ್ನು ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ದಾಟಿಸುತ್ತಾ ಜೀವ ಉಳಿಸಿದೆ. ಅದು ಬದುಕಬೇಕು, ನನ್ನ ಹೆಸರಿನಲ್ಲೇ ಹೊರಬರಬೇಕು. ನನಗೆ ಬೇರೇನೂ ಬೇಕಿರಲಿಲ್ಲ. ಅವನು ಕ್ಯಾಂಟೀನಿನಲ್ಲಿ “ನನ್ನ ಸ್ಟ್ರೇನ್, ನನ್ನ ಸ್ಟ್ರೇನ್” ಎಂದು ಆ ಬ್ಯಾಕ್ಟೀರಿಯಾ ತಳಿಯ ಬಗ್ಗೆ ಕೊಚ್ಚಿಕೊಳ್ಳುವಾಗ ನನಗೆ ಚಹಾ ಇನ್ನಷ್ಟು ರುಚಿಸುತ್ತಿತ್ತು.

ಉಡುಪಿಯಲ್ಲಿ ವಿಚಾರಗೋಷ್ಠಿ. ಹೊರಗಿನ ಪರೀಕ್ಷಕರು ಮುಂದಿನ ಸಾಲಿನಲ್ಲಿ. ಅವನು ತನ್ನ ಪ್ರಬಂಧ ಓದಿ ಮುಗಿಸಿದ ಕೂಡಲೇ ನಾನು ಎದ್ದು ನಿಂತೆ. “ತೊಳೆದ ನೀರಿನ ಪ್ಲೇಟು ತೋರಿಸಬಹುದಾ ಸರ್?”

“ಅದು... ಎಂತ ಅಂದರೆ... ಅದರ ಅಗತ್ಯ ಬರಲಿಲ್ಲ.”

“ನನ್ನ ಹತ್ತಿರ ಉಂಟು” ಎಂದು ಫೋಟೋವನ್ನು ಪರೀಕ್ಷಕರ ಕೈಗೆ ಕೊಟ್ಟೆ. “ನಾನು ಬಿಸಾಡಲು ಇಟ್ಟದ್ದನ್ನು ಇವರು ಕೊಂಡುಹೋದದ್ದು. ನೀರಿನಲ್ಲೂ ಅದೇ ಬೆಳೆದಿದೆ ನೋಡಿ.”

ಸಭೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆಹಾ! ಆ ನಗೆಗೋಸ್ಕರ ಒಂದೂವರೆ ವರ್ಷ ಹಲ್ಲು ಕಚ್ಚಿ ಕೂತದ್ದು ಸಾರ್ಥಕ ಎನಿಸಿತು.

ಮರುದಿನ ಬೆಳಿಗ್ಗೆ ಗೈಡ್ ಸರ್ ಲ್ಯಾಬಿನ ನಡುವೆ ನಿಂತಿದ್ದರು. “ಗುಗ್ಗುಳ ಅಂತ ಬರೆದದ್ದು ಒಂದೂ ಉಳಿಯಬಾರದು. ಎಲ್ಲ ಕುಕ್ಕರಿಗೆ ಹಾಕಿ ಬೇಯಿಸಿ ಸಾಯಿಸು.”

“ಕೆಳಗಿನ ಟ್ಯೂಬುಗಳು ನನ್ನವು ಸರ್. ಅವು ಸರಿ ಉಂಟು.”

“ಒಂದೂವರೆ ವರ್ಷ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವಳು ನೀನು. ನಿನ್ನ ‘ಸರಿ’ಯನ್ನು ನಾನು ಹೇಗೆ ನಂಬುವುದು?”

ಅವರು ಕದಲಲಿಲ್ಲ. ನನ್ನ ಕೈಯಿಂದಲೇ ನನ್ನ ಟ್ಯೂಬುಗಳನ್ನು ಜೋಡಿಸಿ ಮುಚ್ಚಳ ತಿರುಗಿಸಿದೆ. ಆದರೂ ಧೈರ್ಯವಿತ್ತು. ಗಿಡ ಉಂಟಲ್ಲ, ಮತ್ತೆ ತೆಗೆದರಾಯಿತು, ಬೇರೆ ಲ್ಯಾಬಿನಲ್ಲಿ, ನನ್ನ ಹೆಸರಿನಲ್ಲಿ.

ಆ ಭಾನುವಾರ ಮೇಸ್ತ್ರಿಯನ್ನು ಹುಡುಕಿಕೊಂಡು ಕಾಪುವಿಗೆ ಹೋದೆ. ಕಡಲಿನ ಹತ್ತಿರ ಯಾರದೋ ಮನೆಗೆ ಕಂಪೌಂಡು ಕಟ್ಟುತ್ತಿದ್ದ. ಕಡ್ಡಿ ಬೇಕಿತ್ತು ಎಂದೆ. ಅವನು ಕರಣಿ ಕೆಳಗಿಟ್ಟ.

“ಗಿಡ ಎಲ್ಲಿ ಅದಾವ್ರೀ ಅಕ್ಕಾರ? ಬ್ಯಾಸಗ್ಯಾಗ ಗುಡ್ಡಾನ ಒಡದು ಜಲ್ಲಿ ಮಾಡ್ಯಾರ. ಒಂದೂ ಉಳದಿಲ್ಲ.”

ಅವನು ಕರಣಿಯನ್ನು ಮತ್ತೆ ಕೈಗೆತ್ತಿಕೊಂಡ.

“ಒಡಿಯೂಕಿಂತ ಮೊದಲ ಎರಡು ಸಲ ಬೂತಿನಿಂದ ಫೋನ್ ಮಾಡಿದ್ನಲ್ರೀ, ತರಲೇನು ಅಂತ. ನೀವ ಬ್ಯಾಡ ಅಂದ್ರಿ.”

ಹೌದು, ನಾನೇ ಅಂದದ್ದು. ಹೊಸ ಕಡ್ಡಿ ಲ್ಯಾಬಿಗೆ ಬಂದರೆ ಆ ಸೀನಿಯರ್ ತನ್ನದನ್ನು ಹೋಲಿಸಿ ನೋಡಿ ತಪ್ಪು ತಿದ್ದಿಕೊಂಡಾನು ಎಂದು ಹೆದರಿ, ಎರಡು ಸಲವೂ ಬೇಡ ಎಂದಿದ್ದೆ.