ಅಪ್ಪಯ್ಯನ ಪಕ್ಕದ ದಾರಿ

ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತವರಿಗೆ ಜಗತ್ತು ಅರ್ಧವೇ ಕಾಣುತ್ತದೆ. ನನ್ನ ಪಾಲಿಗೆ ಬಂದದ್ದು ಎಡಗಡೆಯ ಅರ್ಧ. ಕಾಡಿನ ಅಂಚು, ಎಲೆಗಳ ಸಂದಿಯಿಂದ ಮಣ್ಣಿನ ಮೇಲೆ ಬಿದ್ದು ಅಲ್ಲಾಡುವ ಬಿಸಿಲು, ನಮ್ಮ ಜೊತೆಗೇ ಓಡಿ ಬರುವ ಸೈಕಲ್ಲಿನ ನೆರಳು. ಅಪ್ಪಯ್ಯನ ಬೆನ್ನಿಗೆ ಕೆನ್ನೆ ತಾಗಿಸಿದರೆ ಅಂಗಿಯಿಂದ ಸೀಮೆಸುಣ್ಣದ ವಾಸನೆ. ಅಪ್ಪಯ್ಯ ಶಾಲೆ ಮೇಷ್ಟ್ರು. ಆ ಬೆನ್ನಿಗೆ ಒರಗಿ ಅರೆನಿದ್ದೆಯಲ್ಲಿ ಎಷ್ಟು ಮೈಲು ಹೋಗಿದ್ದೇನೋ ನನಗೇ ಗೊತ್ತಿಲ್ಲ.

ಹರಿಹರಪುರದ ಕಡೆಯಿಂದ ಕೊಪ್ಪಕ್ಕೆ ಹೋಗುವ ರಸ್ತೆಗೆ ಬಸ್ಸು ಬಂದ ಮೇಲೆ, ನಡೆಯುವವರೂ ಸೈಕಲ್ಲಿನವರೂ ಅದರ ಚಕ್ರಕ್ಕೆ ಸಿಕ್ಕದಿರಲಿ ಎಂದು ರಸ್ತೆ ರಿಪೇರಿಯ ಗ್ಯಾಂಗಿನವರು ರಸ್ತೆಯ ಪಕ್ಕದಲ್ಲೇ ಒಂದು ಮಾರು ಅಗಲದ ಮಣ್ಣಿನ ದಾರಿ ಕಡಿದಿದ್ದರು. ಕಡಿದದ್ದೇ ಬಂತು, ಆಮೇಲೆ ಅದರ ಕಡೆ ತಿರುಗಿ ನೋಡಿದ ಪುಣ್ಯಾತ್ಮರು ಯಾರೂ ಇಲ್ಲ. ಬೇರುಗಳು ಎದ್ದವು. ನಡುವೆಯೇ ಹುತ್ತ ಬೆಳೆಯಿತು. ಬಿದ್ದ ಕೊಂಬೆ ಬಿದ್ದಲ್ಲೇ ಇತ್ತು, ಮಲಗಿದ ಎಮ್ಮೆ ಮಲಗಿದಲ್ಲೇ. ಹಾಗೆಂದು ರಸ್ತೆಗೆ ಹತ್ತಿದರೆ ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ಕೂಗುತ್ತಿದ್ದ: "ಏನ್ ಮೇಷ್ಟ್ರೇ, ನಿಮಗೇ ಅಂತ ದಾರಿ ಮಾಡಿಟ್ಟಿದಾರಲ್ಲ, ರಸ್ತೆ ಯಾಕೆ ಬೇಕಿತ್ತು?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪಯ್ಯ ಮಾತ್ರ ನಕ್ಕು ಕೆಳಗಿಳಿಯುತ್ತಿದ್ದರು.

"ಅವನು ಹೇಳಿದ್ದಕ್ಕೆಲ್ಲ ಯಾಕೆ ಇಳೀತೀರಿ ಅಪ್ಪಯ್ಯ?"

"ಯುದ್ಧದ ಕಾಲ ಮಾರಾಯ್ತಿ, ಟೈರು ಎಲ್ಲಿ ಸಿಗ್ತದೆ? ಜಲ್ಲಿ ಮೇಲೆ ಹೋದ್ರೆ ನಾಲ್ಕು ದಿನ ಬರಲ್ಲ. ಮತ್ತೆ, ನಮಗೆ ಅಂತ ಕೊಟ್ಟ ದಾರಿ ನಾವೇ ಬಿಟ್ರೆ ನಾಳೆ ಅದೂ ಇರಲ್ಲ."

"ಈಗೆಲ್ಲಿದೆ?" ಎಂದರೆ ಅಪ್ಪಯ್ಯ ಇನ್ನೂ ಜೋರಾಗಿ ತುಳಿಯುತ್ತಿದ್ದರು. ಬೇರಿನ ಮೇಲೆ ಚಕ್ರ ಹತ್ತಿ ಇಳಿದು ನನ್ನ ಸೊಂಟ ಮಾತ್ರ ಉತ್ತರ ಕೊಡುತ್ತಿತ್ತು.

ಆ ದಾರಿಯ ಮಟ್ಟಸವಾದ ತುಂಡುಗಳಲ್ಲಿ, ಯಾರೂ ಕಾಣದಾಗ, ಅಪ್ಪಯ್ಯ ನನಗೆ ಸೈಕಲ್ಲು ಕಲಿಸಿದರು. ನಡುಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಮೈ ಒಂದು ಕಡೆಗೆ ಓರೆ ಮಾಡಿ ತುಳಿಯುವುದು. ಅವರು ಕ್ಯಾರಿಯರ್ ಹಿಡಿದು ಹಿಂದೆ ಓಡಿ ಬರುತ್ತಿದ್ದರು, ಸಾಕೆನಿಸಿದಾಗ ಹಿಡಿದು ನಿಲ್ಲಿಸುತ್ತಿದ್ದರು. ಹಾಗಾಗಿ ತುಳಿಯುವುದು ಬಂತು, ತಿರುಗಿಸುವುದು ಬಂತು, ಇಳಿಯುವುದು ಮಾತ್ರ ಬರಲಿಲ್ಲ. ಬ್ರೇಕು ಹಿಡಿದರೆ ಸೈಕಲ್ಲು ನಿಲ್ಲುತ್ತಿತ್ತು, ನಾನು ಅದರ ಅಡಿಯಲ್ಲಿರುತ್ತಿದ್ದೆ.

ಆ ವರ್ಷ ನಾನು ಕೊಪ್ಪದಲ್ಲಿ ಎಲ್.ಎಸ್. ಪರೀಕ್ಷೆಗೆ, ಅಂದರೆ ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆಗೆ, ಕೂರಬೇಕಿತ್ತು. ಅಷ್ಟರಲ್ಲಿ ಮೆಣಸೆಯಿಂದ ಒಂದು ಸಂಬಂಧ ಬಂತು. ಅಮ್ಮನಿಗೆ ಒಪ್ಪಿಗೆಯಾಗಿತ್ತು. ಅಪ್ಪಯ್ಯ ಒಂದೇ ಮಾತು ಕೇಳಿದರು: "ಪರೀಕ್ಷೆ ಒಂದು ಬರೀಲಿ. ಪಾಸಾದ್ರೆ ಹೈಸ್ಕೂಲಿಗೆ ಕಳಿಸಾಣ. ಇಲ್ಲದಿದ್ರೆ ನೀನು ಹೇಳಿದ ಹಾಗೆ ಮದುವೆ." ಅಮ್ಮ ಒಲೆ ಊದುತ್ತಲೇ ಹೇಳಿದಳು, "ಆಗಲಿ. ಇದೊಂದು ಸಲ ಮಾತ್ರ." ನನಗೆ ಮದುವೆ ಬೇಡವಾಗಿತ್ತು. ಆ ಹುಡುಗನ ಮೇಲೆ ಸಿಟ್ಟೇನಿಲ್ಲ, ಮುಖ ಸಹ ನೋಡಿರಲಿಲ್ಲ. ಓದಬೇಕು ಅಂತ ಇತ್ತು, ಅಷ್ಟೇ. ಹಸಿವಾದಂತೆ ಇತ್ತು.

ಪರೀಕ್ಷೆಯ ಮೊದಲ ದಿನ ಸೋಮವಾರ. ಹತ್ತೂವರೆಗೆ ಗಂಟೆ, ಗಂಟೆ ಹೊಡೆದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಬಸ್ಸು ಬೆಳಗ್ಗೆ ಕೊಪ್ಪದಿಂದ ನಮ್ಮ ಕಡೆಗೆ ಬರುತ್ತಿತ್ತೇ ಹೊರತು ನಮ್ಮ ಕಡೆಯಿಂದ ಹೋಗುತ್ತಿರಲಿಲ್ಲ. ಆರು ಮೈಲು, ಸೈಕಲ್ಲೇ ಗತಿ. ನಾನು ಏಳಕ್ಕೇ ಜಡೆ ಹೆಣೆದು ಬಾಗಿಲಲ್ಲಿ ನಿಂತೆ. ಅಮ್ಮ ಅಡ್ಡ ಬಂದಳು: "ಏಳೂವರೆಯಿಂದ ಒಂಬತ್ತು ರಾಹುಕಾಲ. ಒಳ್ಳೆ ಕೆಲಸಕ್ಕೆ ಹೋಗೋರು ಆ ಹೊತ್ತಲ್ಲಿ ದಾರೀಲಿ ಇರಬಾರದು." ಅಪ್ಪಯ್ಯ ಊರಿಗೆಲ್ಲ ಬುದ್ಧಿ ಹೇಳುವವರು, ಅಮ್ಮನ ಪಂಚಾಂಗದ ಮುಂದೆ ಬಾಯಿ ಮುಚ್ಚಿ ಕೂತರು. ಹೊರಟಾಗ ಒಂಬತ್ತು.

ಎರಡು ತಿರುವು ದಾಟುವುದರೊಳಗೆ ಎದುರಿಗೆ ತರಗೆಲೆಯ ಹೊರೆಗಳು ಬಂದವು. ಬೇಸಿಗೆಯಲ್ಲಿ ಹೆಂಗಸರು ಕಾಡಿಗೆ ಹೋಗಿ, ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಗುಡಿಸಿ ಹೆಡಿಗೆ ಎಂಬ ದೊಡ್ಡ ಬುಟ್ಟಿಯಲ್ಲಿ ತುಂಬಿ ತರುತ್ತಾರೆ. ಹೆಡಿಗೆ ಮಲಗಿದ ಎತ್ತಿನಷ್ಟು ದೊಡ್ಡದು, ಹೊತ್ತವಳ ಮುಖವೇ ಕಾಣುವುದಿಲ್ಲ, ಅವಳಿಗೂ ತನ್ನ ಕಾಲಿನ ಮುಂದಿನ ಎರಡು ಮೊಳ ಬಿಟ್ಟು ಬೇರೇನೂ ಕಾಣುವುದಿಲ್ಲ. ತಲೆ ಮೇಲೆ ಹೊರೆ ಇದ್ದವರಿಗೆ ಬರಿಗೈಯವರು ದಾರಿ ಬಿಡಬೇಕು. ಅದು ನಮ್ಮ ಕಡೆ ಹಾಲು ಕುಡಿಯುವಾಗಲೇ ಕಲಿಯುವ ಮರ್ಯಾದೆ. ಅಪ್ಪಯ್ಯ ಇಳಿದರು, ನನ್ನನ್ನೂ ಇಳಿಸಿದರು, ಸೈಕಲ್ಲನ್ನು ಚರಂಡಿಗೆ ವಾಲಿಸಿ ನಿಂತರು. ಹೊರೆ ಸರಸರ ಎಂದು ದಾಟಿತು. ಹತ್ತಿದೆವು. ನಾಲ್ಕು ಮಾರು ಹೋಗುವುದರಲ್ಲಿ ಮತ್ತೊಂದು. ಇಳಿದೆವು. ಮತ್ತೊಂದು. ಕಾಡೇ ಎದ್ದು ಸಾಲಾಗಿ ಊರಿಗೆ ನಡೆದು ಬರುತ್ತಿದೆಯೇನೋ ಅನಿಸಿತು. ಬೇರೆ ದಿನವಾಗಿದ್ದರೆ ನೋಡುತ್ತ ನಿಂತುಬಿಡುತ್ತಿದ್ದೆ, ಅಷ್ಟು ಚೆನ್ನಾಗಿತ್ತು.

ಒಂದು ಹೊರೆಯ ಒಳಗಿನಿಂದ ದನಿ ಬಂತು: "ಮೇಷ್ಟ್ರೇ, ಹಿಂದೆ ಇನ್ನೂ ನಮ್ಮೋರು ಬತ್ತಾ ಇದಾರೆ. ಹಿಂಗೆ ಇಳ್ದು ಹತ್ತಿ ಮಾಡಿದ್ರೆ ನೀವು ಕೊಪ್ಪ ಸೇರೋದು ನಾಳೆನೇ."

ಅಪ್ಪಯ್ಯ ಜೇಬಿನ ಗಡಿಯಾರ ತೆಗೆದು ನೋಡಿದರು. ಮುಕ್ಕಾಲು ಗಂಟೆ ಕಳೆದಿತ್ತು. ಬಂದದ್ದು ಎರಡೇ ಮೈಲು. ಮೇಲೆ ರಸ್ತೆ ಖಾಲಿ ಬಿದ್ದಿತ್ತು. ಆದರೆ ಹೊಸ ಜಲ್ಲಿ ಹರವಿದ್ದರು, ಅದರ ಮೇಲೆ ರೋಲರ್ ಓಡಿರಲಿಲ್ಲ. ಚರ್ಮದ ತೇಪೆ ಹಾಕಿದ ಆ ಟೈರು ಇಬ್ಬರ ಭಾರಕ್ಕೆ ಅಲ್ಲಿ ಹತ್ತು ಮಾರೂ ಬಾಳುತ್ತಿರಲಿಲ್ಲ. ಅಪ್ಪಯ್ಯ ರಸ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಸೈಕಲ್ಲನ್ನು ಎತ್ತಿ ರಸ್ತೆಯ ಮೇಲಿಟ್ಟರು.

"ಹತ್ತು. ನಿನ್ನೊಬ್ಬಳನ್ನ ತಡೀತದೆ."

"ಜನ ನೋಡ್ತಾರೆ ಅಪ್ಪಯ್ಯ."

"ನೋಡ್ಲಿ. ಕಣ್ಣಿರೋದೇ ಅದಕ್ಕೆ."

ಲಂಗ ಎತ್ತಿ ಸಿಕ್ಕಿಸಿಕೊಂಡು ಕಾಲು ತೂರಿಸಿದೆ. ಅವರು ತಳ್ಳಿದರು. ಮೊದಲು ಅಂಗೈ ಜುಂ ಎಂದಿತು, ಹಲ್ಲು ಕಟಕಟ ಎಂದವು. ಆಮೇಲೆ ನೋಡಿದರೆ ಬಲಗಡೆಗೂ ಒಂದು ಜಗತ್ತಿತ್ತು! ಊರಿಗೆ ಹಿಂದಿರುಗುವಾಗ ಯಾವಾಗಲೂ ಕತ್ತಲಾಗಿರುತ್ತಿತ್ತು, ಹಾಗಾಗಿ ಇಷ್ಟು ದಿನ ಆ ಕಡೆ ಒಂದು ಕಣಿವೆ ಇದೆಯೆಂದೇ ನನಗೆ ತಿಳಿದಿರಲಿಲ್ಲ. ಅದರ ತಳದಲ್ಲಿ ಮಂಜು ಇನ್ನೂ ಕರಗದೆ ಬಿದ್ದಿತ್ತು. ನಾನು ತುಳಿಯುತ್ತಿದ್ದೇನೋ ತೇಲುತ್ತಿದ್ದೇನೋ, ಪರೀಕ್ಷೆ ಸಹ ಒಂದು ಗಳಿಗೆ ಮರೆತುಹೋಯಿತು.

ಎದುರಿಗೆ ಹೊಗೆ ಕಂಡಿತು. ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು, ರಸ್ತೆಯ ನಟ್ಟನಡುವೆ ಹಾರನ್ ಒತ್ತುತ್ತ ಬರುತ್ತಿದೆ. ಇಳಿಯಬೇಕು. ಇಳಿಯಲು ಬರುವುದಿಲ್ಲವೆಂದು ನನಗೆ ಹೊಳೆದದ್ದು ಆಗಲೇ. "ನಂಗೆ ಇಳಿಯಕ್ಕೆ ಬರಲ್ಲಾ!" ಎಂದು ಇದ್ದಬದ್ದ ದನಿಯೆಲ್ಲ ಹಾಕಿ ಕಿರುಚಿದೆ. ಡ್ರೈವರಿಗೆ ಕೇಳಿಸಿತೋ, ನನ್ನ ಮುಖ ನೋಡಿ ತಿಳಿಯಿತೋ, ಬಸ್ಸು ವಾಲಿ ಎರಡು ಚಕ್ರವನ್ನು ಪಕ್ಕದ ದಾರಿಗೆ ಇಳಿಸಿ ನಿಂತಿತು. "ಯಾರ ಮಗಳೇ ನೀನು, ಗಂಡುಬೀರಿ!" ಎಂಬ ಕೂಗು ಹೊಗೆಯೊಳಗಿಂದ ಬಂತು. ಹೇಳಲು ಬಿಡುವಿರಲಿಲ್ಲ.

ಶಾಲೆಯ ಅಂಗಳದಲ್ಲಿ ಎರಡು ಸುತ್ತು ಹೊಡೆದೆ. ಯಾರಾದರೂ ಹಿಡಿಯುತ್ತಾರೆಂದು ನೋಡಿದರೆ ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ದಾರಿ ಬಿಟ್ಟರು, ಕರ್ಮ. ಮೂರನೆಯ ಸುತ್ತಿಗೆ ಗಂಟೆಯ ಕಡೆ ಜವಾನ ನಡೆಯುವುದು ಕಂಡು ಸೀದಾ ಲಂಟಾನದ ಮೆಳೆಗೆ ನುಗ್ಗಿಸಿದೆ. ಎದ್ದು ಓಡಿ ಒಳಗೆ ಕೂತೆ. ಆಮೇಲೆ ಗಂಟೆ ಹೊಡೆಯಿತು. ಅಂಗೈಗೆ ಚುಚ್ಚಿದ ಮುಳ್ಳು ಕೀಳದೆಯೇ ಬರೆದೆ.

ಪಾಸಾದೆ, ಹೈಸ್ಕೂಲಿಗೂ ಹೋದೆ. ಆದರೆ ಇಷ್ಟು ವರ್ಷವಾದರೂ ನನಗೆ ಕನಸಿನಲ್ಲಿ ಬರುವುದು ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ಬಂದದ್ದು.

ಅಪ್ಪಯ್ಯ ಶಾಲೆಯ ಜಗಲಿಯ ತುದಿಯಲ್ಲಿ ಕೂತಿದ್ದರು. ಅಂಗಿ ಬೆವರಿನಿಂದ ಒದ್ದೆಯಾಗಿ ಮತ್ತೆ ಒಣಗಿ ಉಪ್ಪು ಕಟ್ಟಿತ್ತು. ನನ್ನನ್ನು ಕಂಡವರೇ ಮೊದಲು ಮೊಣಕೈ ನೋಡಿದರು, ಮೊಣಕಾಲು ನೋಡಿದರು.

"ನೀನು ತಿರುವು ದಾಟಿದ ಮೇಲೆ ನೆನಪಾಯ್ತು ಮಗಾ, ಇಳಿಯಕ್ಕೆ ಕಲಿಸೇ ಇಲ್ಲ ಅಂತ. ಕೂಗಿದೆ. ಕೇಳಿಸ್ಲಿಲ್ಲ."

"ನಡ್ಕೊಂಡು ಬಂದ್ರಾ?"

"ಓಡ್ದೆ. ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಇಲ್ಲಿದ್ದೆ. ಕಿಟಕೀಲಿ ನಿನ್ನ ಜಡೆ ಕಾಣ್ತು."

"ಪಕ್ಕದ ದಾರೀಲಾ?"

"ಅಲ್ಲಿ ಹೊರೆ ಬರ್ತಿತ್ತಲ್ಲ..." ಎಂದವರು ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು.

ನಾನು ಬಿಡಲಿಲ್ಲ, ಪಂಚೆ ಸರಿಸಿದೆ. ಚಪ್ಪಲಿ ಎಲ್ಲೋ ಕಿತ್ತುಹೋಗಿತ್ತು. ಹೊಸ ಜಲ್ಲಿ ಎರಡೂ ಅಂಗಾಲನ್ನು ಸೀಳಿಹಾಕಿತ್ತು. ಲಂಟಾನದಲ್ಲಿ ಬಿದ್ದಾಗ ಅಳದವಳು, ಕೊಪ್ಪದ ಜನರೆಲ್ಲ ನೋಡುವಂತೆ ಗೊಳೋ ಎಂದು ಅತ್ತೆ.

"ಥೂ, ಸುಮ್ನಿರು," ಎಂದರು ಅಪ್ಪಯ್ಯ, "ಮಧ್ಯಾಹ್ನ ಲೆಕ್ಕದ ಪೇಪರ್ ಇದೆ."