ಜ್ವರ ಬಿಟ್ಟ ದಿನ ಗಲ್ಲಾದಲ್ಲಿ

ನಮ್ಮ ಕಟ್ಟಡದಲ್ಲಿ ಯಾರೋ ಡೆಂಗಿ ಜ್ವರಕ್ಕೆಂದು ಪಪ್ಪಾಯಿ ಎಲೆ ಅರೆಯುತ್ತಿದ್ದಾರೆ. ಆ ಹಸಿ, ಕಹಿ ವಾಸನೆ ಮೆಟ್ಟಿಲುಗಳ ತುಂಬ ಹರಡಿದೆ. ಮರಾಠಿ ನಾಡಿನ ಈ ಧನಕವಡಿ ಬಡಾವಣೆಯಲ್ಲಿ ಮಳೆ ಇಳಿಮುಖವಾದಾಗಲೆಲ್ಲ ಈ ವಾಸನೆ ಬರುತ್ತದೆ. ಅದರೊಡನೆ ನನ್ನ ಸಿಟ್ಟೂ ಬರುತ್ತದೆ.

ನೆಲಮಹಡಿಯಲ್ಲಿ ಹೋಟೆಲು ನಡೆಸುತ್ತಿದ್ದವರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಅವರು ಕುಂದಾಪುರದ ಕಡೆಯವರು. ಶಾಲೆಯಲ್ಲಿ ಪಾಠ ಮುಗಿಸಿ ಮರಳುವ ನನಗೆ, ಕೇಳುವ ಮೊದಲೇ ಸಕ್ಕರೆ ಕಡಿಮೆಯ ಕಾಫಿ ಬರುತ್ತಿತ್ತು. ಅವರಿಗೆ ಒಮ್ಮೆ ಡೆಂಗಿ ಬಂದು ವಾಸಿಯಾಗಿತ್ತು. ಆಮೇಲೆ ಯಾವ ಕೆಲಸಗಾರನಿಗೆ ಜ್ವರ ಬಂದರೂ ತಾವೇ ಗಂಜಿ ಒಯ್ದು ಪಕ್ಕದಲ್ಲಿ ಕೂರುತ್ತಿದ್ದರು. ಸೊಳ್ಳೆಗಳ ಬಗ್ಗೆ ನಾನು ಎಚ್ಚರಿಸಿದರೆ ನಗುತ್ತಿದ್ದರು.

"ನಂಗೆ ಬಂದು ಹೋಯ್ತಲ್ಲ ಟೀಚರೇ. ಇನ್ನು ನನ್ನ ಕಚ್ಚಿದ್ರೆ ಸೊಳ್ಳೆಯೇ ಸಾಯ್ಬೇಕು ಮಾರಾಯ್ರೆ."

ಕೆಲವು ವರ್ಷಗಳ ನಂತರ ಅವರಿಗೆ ಡೆಂಗಿ ಮತ್ತೆ ಬಂತು. ಜ್ವರ ಇಳಿಯುವ ಹೊತ್ತೇ ಅಪಾಯದ್ದು, ಹೊಟ್ಟೆ ನೋವು ಅಥವಾ ವಾಂತಿ ಕಂಡರೆ ತಕ್ಷಣ ಕರೆತನ್ನಿ ಎಂದು ವೈದ್ಯರು ನನ್ನೆದುರಿಗೇ ಹೇಳಿದ್ದರು. ಜ್ವರ ಇಳಿದ ದಿನ, ಮಾರ್ಕೆಟ್ ಯಾರ್ಡ್‌ನ ಬಳಿ ಹೋಟೆಲಿಟ್ಟಿದ್ದ ಅವರ ಹಿರಿಯ ಸೋದರ ಬಂದರು. ಮಾಲೀಕನೇ ಮಲಗಿದರೆ ಗಿರಾಕಿಗಳು ಅಡುಗೆಮನೆಯನ್ನು ಅನುಮಾನಿಸುತ್ತಾರೆಂಬುದು ಆ ಮನೆತನದ ಭಯ. ಅದಕ್ಕಾಗಿ ಜ್ವರ ಬಿಟ್ಟವನಿಗೆ ತಲೆಗೆ ನೀರು ಹಾಕಿ, ಗಂಧವಿಟ್ಟು, ಅಂದೇ ಗಲ್ಲಾದಲ್ಲಿ ಕೂರಿಸುವುದು ರೂಢಿ. ಡಾಕ್ಟರ್ ಮಾತನ್ನು ನಾನು ನೆನಪಿಸಿದೆ.

"ಜ್ವರವೇ ಇಲ್ಲ. ಮತ್ತೆ ಕಾಯೂದು ಎಂತಕ್ಕೆ?" ಎಂದರು ಹಿರಿಯರು.

ಅಣ್ಣ ಕೂತರು. ಗಿರಾಕಿಗಳು ಮರಾಠಿಯಲ್ಲಿ ಅಭಿನಂದಿಸಿದರು. ಮಧ್ಯಾಹ್ನ ಅಣ್ಣ ಹೊಟ್ಟೆ ಹಿಡಿದುಕೊಂಡರು, ಕೈ ತಣ್ಣಗಾಗಿತ್ತು. ನಿಶ್ಶಕ್ತಿ ಎಂದು ಹಿರಿಯರು ಮಜ್ಜಿಗೆ ಕೊಡಿಸಿದರು. ಸಂಜೆ ಅಣ್ಣ ಅಲ್ಲಿಯೇ ಕುಸಿದರು... ಆಸ್ಪತ್ರೆಯಿಂದ ಮರಳಲಿಲ್ಲ.

ಮೊದಲ ಸಲ ಅವರ ದೇಹ ಡೆಂಗಿಯ ಒಂದು ಬಗೆಯ ವೈರಾಣುವನ್ನು ಗೆದ್ದು, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಉಳಿಸಿಕೊಂಡಿತ್ತು. ಎರಡನೆಯ ಸಲ ಬಂದದ್ದು ಬೇರೆ ಬಗೆಯದಿರಬೇಕು ಎಂದರು ವೈದ್ಯರು. ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ. ನಾಶಮಾಡಲಾರದೆ, ಅದು ಜೀವಕೋಶಗಳೊಳಗೆ ನುಗ್ಗಲು ನೆರವಾಗುತ್ತವೆ. ಆಗ ದೇಹದ ಪ್ರತಿರೋಧವೇ ಕೆರಳಿ, ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಅದೂ ಜ್ವರ ಬಿಟ್ಟಿತೆಂದು ಮನೆಯವರು ಹಿಗ್ಗುವ ಹೊತ್ತಿನಲ್ಲಿ.

ಸಾವಿನ ನಂತರ ಊರಿಗೆ ಹೋಗಿದ್ದ ಅಣ್ಣನ ಹೆಂಡತಿ ಈ ವರ್ಷ ಮರಳಿದ್ದಾರೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ತರಕಾರಿ ಹೆಚ್ಚುತ್ತಾರೆ. ಗಲ್ಲಾದಲ್ಲಿ ಈಗ ಹಿರಿಯರು. ಮೊನ್ನೆ ಅವರು ಒಬ್ಬ ಗಿರಾಕಿಗೆ, ತಮ್ಮನ ಸಾವು ಹಣೆಬರಹ ಎನ್ನುತ್ತಿದ್ದರು.

"ಹಣೆಬರಹ ಅಲ್ರೀ," ಎಂದೆ. "ದವಾಖಾನ್ಯಾಗ ಇರಬೇಕಾದವರನ್ನ ನೀವು ಗಲ್ಲಾದಾಗ ಕೂಡ್ಸಿದ್ರಿ."

ಅವರು ತಲೆ ಎತ್ತದೆ ಚಿಲ್ಲರೆ ಎಣಿಸಿದರು. ಒಳಬಾಗಿಲಲ್ಲಿ ನಿಂತಿದ್ದ ಅಣ್ಣನ ಹೆಂಡತಿ ನನ್ನ ಹಿಂದೆಯೇ ಹೊರಗೆ ಬಂದರು.

"ಅವತ್ತು ತಲೆಗೆ ನೀರು ಹಾಕಿದ್ದು ನಾನಲ್ವಾ ಟೀಚರೇ," ಎಂದರು ಮೆಲ್ಲಗೆ. "ಅದ್ರಿಂದ ಶೀತ ಆಗಿ ಹೋದ್ರು ಅಂತ ಮನೇಲಿ ಎಲ್ರೂ ಹೇಳಿದ್ರು."

ಅಣ್ಣನ ಸಾವಿನ ಹೊರೆಯನ್ನು ಈಕೆಯ ತಲೆಯ ಮೇಲೆ ಹೊರಿಸಿ, ಹೊರಗೆ ಹಣೆಬರಹವೆನ್ನುತ್ತ ಕೂತಿದ್ದರಲ್ಲ ಹಿರಿಯರು... ನೀರಿನಿಂದ ಏನೂ ಆಗಿಲ್ಲವೆಂದು ನಾನು ಒಂದಲ್ಲ, ಹತ್ತು ಬಗೆಯಲ್ಲಿ ವಿವರಿಸಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ನಂಬಿದರೋ ಇಲ್ಲವೋ, ನನಗೆ ತಿಳಿಯದು. ನಂಬಿದ್ದರೂ, ಅಣ್ಣ ಈಗಿಲ್ಲ.