ಬದುವಿನ ಮೇಲೆ ಕೂತೇ ಇದ್ದ ನಾಯಿ

ನಾಯಿ ಎಲ್ಲಿಗೂ ಓಡಿಹೋಗಲಿಲ್ಲ. ನಾನೇ ಅದನ್ನ ತೋಟದಲ್ಲಿ ಕೂರಿಸಿ ಮರೆತು ಬಂದೆ. ಓಡಿಹೋಗಿತ್ತು ಅಂತ ಮನೇಲಿ ಹೇಳಿದ್ದು ಸುಳ್ಳು.

ಅದು ಮೊಮ್ಮಗಳ ನಾಯಿ. ಸ್ಪೇನಿಯಲ್ ಅಂತ ಜಾತಿ, ನೆಲ ಗುಡಿಸೋ ಹಂಗೆ ಉದ್ದ ಕಿವಿ. ಹೇಳಿದ ಮಾತು ಕೇಳೋ ನಾಯಿಗಳಿಗೂ ಪಂದ್ಯ ಇರುತ್ತಂತೆ. ಭಾನುವಾರ ಬೆಂಗಳೂರಿನಲ್ಲಿ ಇವಳದ್ದು ಮೊದಲನೇದು. ಕೂತ್ಕೋ ಅಂದರೆ ಕೂರಬೇಕು, ಇವಳು ಕಣ್ಣಿಗೆ ಕಾಣದಷ್ಟು ದೂರ ಹೋದರೂ ಏಳಬಾರದು. ಅದನ್ನ ಕಲಿಸೋಕೆ ನನ್ನ ಕೈಗೆ ಬಿಸ್ಕತ್ತು ಕೊಟ್ಟು ಎದುರಿಗೆ ನಿಲ್ಲಿಸೋಳು.

"ಅಜ್ಜಿ, ಕರಿ. ಆಸೆ ಹುಟ್ಟೋ ಹಂಗೆ ಕರಿ."

ನಾನು ಕರೆದರೆ ನಾಯಿ ಬರಬಾರದು. ಬಂದರೆ ಬಿಸ್ಕತ್ತಿಲ್ಲ, ಮತ್ತೆ ಮೊದಲಿಂದ. ಬರದೆ ಕೂತಿದ್ದರೆ ಇವಳು ವಾಪಸ್ ಹೋಗಿ, ಅದರ ಹಿಂದಿನಿಂದ ಸುತ್ತಿ, ಬಲಕ್ಕೆ ನಿಂತು "ಆಯ್ತು" ಅನ್ನಬೇಕು. ಆಮೇಲೇ ಏಳೋದು. ತಿಂಗಳುಗಟ್ಟಲೆ ಇದೇ ಕೆಲಸ. ನನಗೋ ನಾಯಿ ಅಂದರೆ ಪ್ರಾಣಭಯ. ಚಿಕ್ಕವಳಿದ್ದಾಗ ಮೇಲೂರು ದಾರಿಯಲ್ಲಿ ಒಂದು ನಾಯಿ ಮೀನಖಂಡ ಹರಿದಿತ್ತು, ಗುರುತು ಈಗಲೂ ಇದೆ.

ಗುರುವಾರ ಅವಳು ಚಿಂತಾಮಣಿಗೆ ಕಾಲೇಜಿಗೆ ಹೊರಟಾಗ "ಒಂದ್ಸಲ ಕೂರ್ಸಜ್ಜಿ, ಎರಡೇ ನಿಮಿಷ" ಅಂದಳು. ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ತೋಟಕ್ಕೆ ಹೋದವಳು ಅದನ್ನ ಬದುವಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಹುಳದ ಮನೆ ಕಡೆಯಿಂದ ಸೊಸೆ ಕೂಗಿದಳು. "ಅತ್ತೆ, ಹುಳ ಹಣ್ಣಾಗವೆ! ಬೇಗ ಬನ್ನಿ!"

ರೇಷ್ಮೆ ಹುಳ ಹಣ್ಣಾದರೆ ಯಾರಿಗೂ ಕಾಯೋದಿಲ್ಲ. ಆಗಿಂದಾಗಲೇ ಆರಿಸಿ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಬಿಡ್ತವೆ, ಬೆಳೆ ಹಾಳು. ಕುಡುಗೋಲು ಅಲ್ಲೇ ಬಿಸಾಕಿ ಓಡಿದೆ.

ಹುಳ ಆರಿಸ್ತಾ ಕೂತವಳು ನೀರು ಕುಡಿಯೋಕೆ ಎದ್ದಾಗ ಬಾಗಿಲ ಹತ್ತಿರ ನಾಯಿಯ ಬಟ್ಟಲು ಕಂಡಿತು. ಹೊತ್ತು ನೆತ್ತಿ ದಾಟಿತ್ತು. ಯಾರಿಗೂ ಹೇಳದೆ ಹೊರಟೆ. ಆ ದಾರಿಯಲ್ಲೇ ಬೀದಿನಾಯಿಗಳು ಇರೋದು. ಹೋದ ವರ್ಷ ಒಂದು ಮೇಕೆಮರೀನ ಹರಿದುಹಾಕಿದ್ದವು. ತೋಟದವರೆಗೂ ಆ ಮರಿಯ ಕರುಳೇ ಕಣ್ಣ ಮುಂದೆ.

ಇತ್ತು. ಕೂರಿಸಿದ ಜಾಗದಲ್ಲೇ ಇತ್ತು. ನಾಲಿಗೆ ಜೋತುಬಿದ್ದು ಮೈಯೆಲ್ಲ ನಡುಗುತ್ತಿತ್ತು. ನಾಲ್ಕು ಬೀದಿನಾಯಿ ಸುತ್ತ ನಿಂತು ಹಲ್ಲು ತೋರಿಸುತ್ತಿದ್ದವು. "ಬಾರೋ, ಬಾರಪ್ಪ" ಅಂತ ದೂರದಿಂದಲೇ ಕೂಗಿದೆ. ನನ್ನ ಕಡೆ ನೋಡಿತು, ಏಳಲಿಲ್ಲ. ಗಂಟಲು ಕಟ್ಟೋವರೆಗೂ ಕರೆದೆ. ಆಗ ಹೊಳೀತು, ನಾನು ಕರೆದರೆ ಬರಬಾರದು ಅಂತ ಕಲಿಸಿದ್ದು ನಾವೇ.

ನಾನೇ ಹೋಗಬೇಕಿತ್ತು. ಮಣ್ಣಿನ ಹೆಂಟೆ ಎಸೆದೆ. ಎರಡು ಹಿಂದೆ ಸರಿದವು, ಎರಡು ನನ್ನ ಕಡೆ ತಿರುಗಿದವು. ಕಾಲಿನ ಹಳೇ ಗುರುತು ಉರಿಯೋಕೆ ಶುರುವಾಯ್ತು. ಸೀರೆ ಒದ್ದೆಯಾಯ್ತು, ಮುಚ್ಚಿಡೋದೇನು. ಒಂದೊಂದೇ ಹೆಜ್ಜೆ ಇಟ್ಟು, ಬಿದ್ದಿದ್ದ ಕುಡುಗೋಲು ಎತ್ತಿಕೊಂಡು, ಹಿಂದಿನಿಂದ ಸುತ್ತಿ ಬಲಕ್ಕೆ ನಿಂತೆ. "ಆಯ್ತು" ಅನ್ನೋಕೆ ಹೋದರೆ ಸ್ವರವೇ ಬರಲಿಲ್ಲ. ಎರಡನೇ ಸಲ ಬಂತು. ನಾಯಿ ಎದ್ದು ನನ್ನ ಕಾಲಿಗೆ ಒತ್ತಿಕೊಂಡಿತು. ಅದನ್ನ ಸೊಂಟಕ್ಕೆ ಎತ್ತಿಕೊಂಡು, ಕುಡುಗೋಲು ಬೀಸುತ್ತಾ ಮನೆ ಸೇರಿದೆ.

ಸಾಯಂಕಾಲ ಮೊಮ್ಮಗಳು "ಯಾಕಜ್ಜಿ ಇದು ಮಂಕಾಗಿದೆ?" ಅಂದಳು.

"ಕೂರಿಸಿದ್ದೆ, ಎದ್ದು ಓಡೋಯ್ತು ಕಣೇ. ಹುಡುಕಿ ತಂದೆ."

ಭಯಕ್ಕೆ ಹಂಗಂದೆ. ಅವಳು ಕೂಗಾಡಲಿಲ್ಲ. "ಮನೆ ತೋಟದಲ್ಲೇ ಕೂರಲಿಲ್ಲ ಅಂದ್ರೆ ಅಷ್ಟು ಜನದ ಮಧ್ಯೆ ಕೂರುತ್ತಾ? ಅಲ್ಲಿ ತಪ್ಪಿಸ್ಕೊಂಡ್ರೆ ಎಲ್ಲಿ ಹುಡುಕ್ಲಿ? ಭಾನುವಾರ ಹೋಗಲ್ಲ" ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀದಿನಾಯಿಗಾದರೆ ಕುಡುಗೋಲು ಬೀಸಬಹುದು. ಆ ಬಾಗಿಲ ಮುಂದೆ ನಿಂತು ತಟ್ಟೋಕೂ ನನಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಅವಳನ್ನ ತೋಟಕ್ಕೆ ಎಳಕೊಂಡು ಹೋಗಿ, ನಾಯೀನ ಅದೇ ಬದುವಿನ ಮೇಲೆ ಕೂರಿಸು ಅಂದೆ. ಸಾಲಿನ ಆ ತುದಿಗೆ ನಡೆದು, ಬಿಸ್ಕತ್ತು ಹಿಡಿದು, ಆಸೆ ಹುಟ್ಟೋ ಹಂಗೆ ಕರೆದೆ. ಏಳಲಿಲ್ಲ.

"ನಿನ್ನೇನೂ ಹಿಂಗೇ ಕೂತಿತ್ತು ಕಣಮ್ಮ, ಮಧ್ಯಾಹ್ನದವರೆಗೂ" ಅಂದೆ. "ಬಿಟ್ಟು ಓಡಿದವಳು ನಾನು."